ಹದಿನಾಲ್ಕರಿಂದ ಎರಡು ಸಾವಿರಕ್ಕೆ

ಈಕ್ವೆಡಾರ್ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1,000 ಕಿ.ಮೀ. ದೂರದಲ್ಲಿದೆ ಗಲಾಪಗೋಸ್ ದ್ವೀಪಸಮೂಹ. ಅದರ ದಕ್ಷಿಣದ ಅಂಚಿನಲ್ಲಿರುವ ಪುಟ್ಟ ದ್ವೀಪ ಎಸ್ಪಾನ್ಯೋಲಾ. ಇಂದು ಅಲ್ಲಿ ಎರಡು ಸಾವಿರದಷ್ಟು ದೈತ್ಯ ಆಮೆಗಳಿವೆ. 1963ರಿಂದ 1974ರವರೆಗೆ ದ್ವೀಪವನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ಹದಿನಾಲ್ಕೇ: ಹನ್ನೆರಡು ಹೆಣ್ಣು, ಎರಡು ಗಂಡು.

ಆಮೆಗೆ ಮುಳುವಾದದ್ದು ಅದರ ಗಟ್ಟಿ ಜೀವವೇ. ಮೇವು, ನೀರಿಲ್ಲದೆ ತಿಂಗಳುಗಟ್ಟಲೆ ಬದುಕುವ ಈ ಪ್ರಾಣಿಯನ್ನು ತಿಮಿಂಗಿಲ ಬೇಟೆಯ ಹಡಗಿನವರು ಜೀವಂತವಾಗಿ ತುಂಬಿಕೊಂಡು ಹೋಗಿ, ಬೇಕೆಂದಾಗ ಕೊಯ್ದು ತಿಂದರು. ಉಳಿದದ್ದಕ್ಕೆ ಮೇಕೆಗಳ ಕಾಟ. ಎಸ್ಪಾನ್ಯೋಲಾದ ಆಮೆಯ ಚಿಪ್ಪು ಕತ್ತಿನ ಬಳಿ ಕುದುರೆಯ ಜೀನಿನಂತೆ ಮೇಲೆದ್ದಿರುತ್ತದೆ. ಕತ್ತು ಚಾಚಿ ಪಾಪಾಸುಕಳ್ಳಿ ಮೇಯಲು ಅದೇ ಅನುಕೂಲ. ಆಡು ಮುಟ್ಟದ ಸೊಪ್ಪಿಲ್ಲವಲ್ಲ, ಆ ಕಳ್ಳಿಯೂ ಉಳಿಯಲಿಲ್ಲ.

ಮರಿ ಮಾಡಿಸಲೆಂದು ಹದಿನಾಲ್ಕನ್ನೂ ಸಾಂತಾಕ್ರೂಜ್ ದ್ವೀಪದ ಡಾರ್ವಿನ್ ಸಂಶೋಧನಾ ಕೇಂದ್ರಕ್ಕೆ ತಂದರು. ಮೊಟ್ಟೆಯನ್ನು ಮಗುಚಿದರೆ ಒಳಗಿನ ಭ್ರೂಣ ಸಾಯಬಹುದು. ಹಾಗಾಗಿ ಗೂಡಿನಲ್ಲಿದ್ದ ಭಂಗಿಯಲ್ಲೇ ಎತ್ತಿ ಕಾವುಪೆಟ್ಟಿಗೆಗೆ ಇಡಬೇಕು. ಶಾಖ 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಹೆಚ್ಚಾಗಿ ಗಂಡು, ಒಂದೂವರೆ ಡಿಗ್ರಿ ಏರಿಸಿದರೆ ಹೆಣ್ಣು. 1971ರಲ್ಲಿ ಮೊದಲ ಮರಿಗಳು ಹೊರಬಂದವು. 1975ರಿಂದ ಬೆಳೆದ ಮರಿಗಳನ್ನು ದ್ವೀಪಕ್ಕೆ ಬಿಡತೊಡಗಿದರು.

ಆ ದಶಕದಲ್ಲೇ ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದಿಂದ ಮೂರನೇ ಗಂಡು ಬಂತು. ಅದೇ ಮುಂದೆ ಜಗತ್ತಿನ ಪತ್ರಿಕೆಗಳೆಲ್ಲ ಕೊಂಡಾಡಿದ ಡಿಯಾಗೊ, ವಂಶ ಉಳಿಸಿದ 'ರಸಿಕ'. ವಂಶವಾಹಿ ಪರೀಕ್ಷೆಯ ಲೆಕ್ಕ ಮಾತ್ರ ಬೇರೆ: ಡಿಯಾಗೊನ ಪಾಲು ಶೇ 40ರಷ್ಟು. ಶೇ 60ರಷ್ಟು ಮರಿಗಳ ತಂದೆ ಇ5 ಎಂಬ ಸಂಖ್ಯೆಯನ್ನಷ್ಟೇ ಹೊತ್ತ, ಯಾರೂ ಫೋಟೊಕ್ಕಾಗಿ ಮುಗಿಬೀಳದ ಇನ್ನೊಂದು ಗಂಡು!

ನನ್ನ ಮಟ್ಟಿಗೆ ನಿಜವಾದ ತಿರುವು ಇವೆರಡೂ ಅಲ್ಲ, 1978ರಲ್ಲಿ ಕೊನೆಯ ಮೇಕೆಯೂ ದ್ವೀಪದಿಂದ ತೊಲಗಿದ್ದು. ಮೇಕೆ ಇದ್ದಿದ್ದರೆ ಎಷ್ಟು ಮರಿ ಬಿಟ್ಟರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಆದರೆ ಮೇಕೆ ಹೋದ ಮೇಲೆ ಪೊದೆ ಬೆಳೆದು, ಓಡಿ ಮೇಲೇರಬೇಕಾದ ಆಲ್ಬಟ್ರಾಸ್ ಹಕ್ಕಿಗಳ ದಾರಿ ಮುಚ್ಚತೊಡಗಿತು. ಆ ಪೊದೆಗಳನ್ನು ತುಳಿದು ಬಯಲು ಉಳಿಸುವವೂ, ಕಳ್ಳಿಯ ಬೀಜ ಹರಡುವವೂ ಆಮೆಗಳೇ.

2020ರ ಜೂನ್‌ನಲ್ಲಿ ಡಿಯಾಗೊ ಸೇರಿ ಹದಿನೈದೂ ಹಿರಿಯ ಆಮೆಗಳನ್ನು ಎಸ್ಪಾನ್ಯೋಲಾಕ್ಕೆ ಮರಳಿ ಬಿಡಲಾಯಿತು. ಆ ದ್ವೀಪದ ಆಮೆಗಳಿಗೆ ಈಗ ಕಾವುಪೆಟ್ಟಿಗೆ ಬೇಕಿಲ್ಲ.