ಜಖಂಗೊಂಡ ಮೋಟಾರಿಗೆ ಮನೆಯಲ್ಲಿಯೇ ದುರಸ್ತಿಯೂ ಬಣ್ಣವೂ

ತೇಪೆಯ ಹೊಲಿಗೆಯು ಗಟ್ಟಿಯಾದ ನೂಲನ್ನೇ ಹಿಡಿಯಬೇಕು, ಜೀರ್ಣವಾದ ಅಂಚಿಗೆ ಹೊಲಿದದ್ದು ನಿಲ್ಲದು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಹೊಲಿಗೆಯ ತರಗತಿಯಲ್ಲಿಯೇ ಕಲಿತಿರುವರು. ಹಳೆಯ ಮೋಟಾರು ಬಂಡಿಯನ್ನು ಮನೆಯಲ್ಲಿ ದುರಸ್ತಿಮಾಡುವವರಿಗೂ ಇದೇ ನಿಯಮವು ಸಲ್ಲುವುದು. ಇಂಗ್ಲೆಂಡಿನ ಆಬಿಂಗ್‌ಡನ್ ಪಟ್ಟಣದಲ್ಲಿ 1962ರಿಂದ 1980ರ ವರೆಗೆ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಎಂ.ಜಿ.ಬಿ. ಎಂಬ ವೇಗದ ಬಂಡಿಯನ್ನು ನಾವು ಉದಾಹರಣೆಗಾಗಿ ತೆಗೆದುಕೊಳ್ಳುವೆವು.

ಎಲ್ಲಿಯೋ ತಗಲಿ ಮುಂದಿನ ಮಡ್‌ಗಾರ್ಡು ನಗ್ಗಿದ್ದರೆ ಚಿಂತೆಯಿಲ್ಲ. ಅದನ್ನು ಬೋಲ್ಟುಗಳಿಂದ ಬಿಗಿದಿರುವುದರಿಂದ ಬಿಚ್ಚಿ ಬೇರೆಯದನ್ನು ಕೂಡಿಸಬಹುದು. ಬಾಗಿಲಿನ ಕೆಳಗಿರುವ ಹೊಸ್ತಿಲಿನ ಮಾತೇ ಬೇರೆ. ಈ ಬಂಡಿಗೆ ಪ್ರತ್ಯೇಕವಾದ ಚಾಸಿಯಿಲ್ಲ. ತಗಡಿನ ಮೈಯೇ ಭಾರವನ್ನು ಹೊರುವುದು. ಮೇಲ್ಛಾವಣಿಯಿಲ್ಲದ ಮಾದರಿಯಲ್ಲಂತೂ ಮೂರು ಪದರಗಳ ತಗಡಿನಿಂದಾದ ಈ ಹೊಸ್ತಿಲುಗಳೇ ಅದರ ಬೆನ್ನೆಲುಬು. ಹೊರಪದರವು ಹೊಳೆಯುತ್ತಿರುವಾಗಲೇ ಒಳಪದರಗಳನ್ನು ತುಕ್ಕು ತಿಂದಿರಬಹುದು. ಅಂತಹ ರಂಧ್ರಕ್ಕೆ ಪುಟ್ಟಿ ತುಂಬಿ ಬಣ್ಣ ಬಳಿದು ಮಾರುವವರುಂಟು. ಇದನ್ನು ನಾವು ಮೋಸವೆಂದೇ ಕರೆಯುವೆವು. ಏಕೆಂದರೆ ಅಪಘಾತವಾದಾಗ ಒಳಗೆ ಕುಳಿತವರನ್ನು ಕಾಯತಕ್ಕದ್ದು ಆ ಉಕ್ಕೇ ಹೊರತು ಪುಟ್ಟಿಯಲ್ಲ.

ಆದಕಾರಣ ಗಟ್ಟಿಯಾದ ಉಕ್ಕು ಸಿಕ್ಕುವ ತನಕ ಕತ್ತರಿಸಿ, ಹೊಸ ತಗಡನ್ನು ಬೆಸೆಯತಕ್ಕದ್ದು. ಕತ್ತರಿಸುವ ಮೊದಲು ಬಾಗಿಲ ಚೌಕಕ್ಕೆ ಉಕ್ಕಿನ ಸಲಾಕೆಗಳನ್ನು ಆಧಾರವಾಗಿ ಕೊಡದಿದ್ದರೆ ಮೈಯು ನಡುವೆ ಬಗ್ಗಿ, ಬಾಗಿಲು ಮತ್ತೆ ಹೊಂದಿಕೊಳ್ಳದು. ಬೆಸುಗೆಗೆ ಮುಂಚೆ ಪೆಟ್ರೋಲಿನ ತೊಟ್ಟಿಯನ್ನು ಇಳಿಸಿ ದೂರವಿಡಬೇಕು; ಆಸನಗಳ ಹಿಂದಿನ ಬ್ಯಾಟರಿಯನ್ನೂ ತೆಗೆಯಬೇಕು. ಬೆಸುಗೆಯಲ್ಲಿ ನುರಿತವರನ್ನು ಇದೊಂದಕ್ಕೆ ಕರೆಸಿಕೊಂಡರೆ ಅವಮಾನವೇನೂ ಇಲ್ಲ.

ಪುಟ್ಟಿಯ ಉಪಯೋಗವು ಸಣ್ಣ ತಗ್ಗುಗಳನ್ನು ತೆಳ್ಳಗೆ ಸಮಮಾಡುವುದಷ್ಟೇ. ಅದರ ಮೇಲೆ ಪ್ರೈಮರನ್ನು ಸಿಂಪಡಿಸಿ, ಒಣಗಿದ ಬಳಿಕ ಕಪ್ಪು ಬಣ್ಣವನ್ನು ಮಂಜಿನಂತೆ ತೆಳುವಾಗಿ ಹಾಯಿಸಿ, ಮರದ ತುಂಡಿಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜಬೇಕು. ಉಬ್ಬಿದಲ್ಲಿ ಕಪ್ಪು ಬೇಗನೆ ಅಳಿಯುವುದು, ತಗ್ಗಿನಲ್ಲಿ ಉಳಿಯುವುದು. ಕಣ್ಣಿಗೆ ಕಾಣದ ಕೊರತೆಯನ್ನು ಇಷ್ಟು ಅಗ್ಗವಾಗಿ ತೋರಿಸಿಕೊಡುವ ಉಪಾಯವನ್ನು ನಾವು ಬೇರೆ ಕಾಣೆವು! ಸಾಮಾನ್ಯ ಪ್ರೈಮರು ನೀರು ಹೀರುವುದರಿಂದ ಬಂಡಿಯನ್ನು ಆ ಸ್ಥಿತಿಯಲ್ಲಿ ಮಳೆಗೆ ಬಿಡಕೂಡದು.

ಇನ್ನು ಬಣ್ಣದ ವಿಷಯ. ಗಟ್ಟಿಕಾರಕವನ್ನು ಬೆರೆಸಿ ಸಿಂಪಡಿಸುವ ಇಮ್ಮಡಿ ಬಣ್ಣಗಳಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ದ್ರವ್ಯವಿರುವುದು. ಇದರ ಮಂಜನ್ನು ಉಸಿರಾಡಿದವರಿಗೆ ಜೀವಮಾನವೆಲ್ಲ ಕಾಡುವ ಉಬ್ಬಸ ಬರಬಹುದು. ಹೊರಗಿನಿಂದ ಶುದ್ಧವಾಯುವನ್ನು ಒದಗಿಸುವ ಮುಖವಾಡವಿಲ್ಲದೆ ಅದನ್ನು ಮುಟ್ಟಕೂಡದು. ಮೂಗಿಗೆ ಕಟ್ಟಿದ ಬಟ್ಟೆಯಾಗಲಿ ಧೂಳಿನ ಮುಖವಾಡವಾಗಲಿ ಸಾಲದು. ಮಕ್ಕಳಿರುವ ಮನೆಯ ಅಂಗಳದಲ್ಲಿ ಇದು ಬೇಡವೆಂದೇ ನಮ್ಮ ಮತ. ಹಳೆಯ ಸೆಲ್ಯುಲೋಸ್ ಬಣ್ಣದಲ್ಲಿ ಆ ದ್ರವ್ಯವಿಲ್ಲ. ಆದರೂ ಅದಕ್ಕೆ ತಕ್ಕ ಮುಖವಾಡವೂ ಗಾಳಿಯಾಡುವ ಸ್ಥಳವೂ ಬೇಕು. ಬೇಗನೆ ಹೊತ್ತಿಕೊಳ್ಳುವುದರಿಂದ ಬೆಂಕಿಯು ಹತ್ತಿರವಿರಕೂಡದು. ತೇವದ ದಿನ ಬಳಿದರೆ ಮೇಲ್ಮೈ ಬೂದಿ ಹಿಡಿದಂತೆ ಬೆಳ್ಳಗಾಗುವುದು.

ಬಣ್ಣವು ಚೆನ್ನಾಗಿ ಗಟ್ಟಿಯಾದ ಮೇಲೆ ಅತಿ ನುಣುಪಾದ ಕಾಗದದಿಂದ ನೀರು ಹಾಕಿ ಉಜ್ಜಿ ಮೆರುಗು ಕೊಡುವರು. ಆ ಬಳಿಕ ಹೊಸ್ತಿಲಿನ ಒಳಗೆ ಮೇಣವನ್ನು ಸಿಂಪಡಿಸಿ, ನೀರು ಬಸಿಯುವ ಕೆಳಗಿನ ತೂತುಗಳು ಮುಚ್ಚಿಹೋಗಿದ್ದರೆ ಒಂದು ತಂತಿಯಿಂದ ಬಿಡಿಸಿಕೊಡಬೇಕು.