ಜಲಗಂಡವೂ ನೇತ್ರಾಣಿ ದ್ವೀಪವೂ

ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಕೊಳಾಯಿಯ ನೀರು. ಅದು ಬಂದರೆ ಸಂತೋಷ, ಬಾರದಿದ್ದರೆ ಚಿಂತೆ. ಅದಕ್ಕಿಂತ ಹೆಚ್ಚಿನ ಪರಿಚಯವು ನಮಗೆ ನೀರಿನೊಡನೆ ಇಲ್ಲ. ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿಯು ಹುಟ್ಟಿತೆಂದು ಹಿರಿಯರು ಹೇಳುವುದುಂಟು. ಆದರೆ ಆ ನದಿಯಲ್ಲಿ ಮಿಂದವರನ್ನು ನಮ್ಮ ತಲೆಮಾರಿನವರು ಕಂಡಿಲ್ಲ. 1898ರಲ್ಲಿ ಪ್ಲೇಗು ಬಂದ ಕಾಲದಲ್ಲಿ ರೂಪುಗೊಂಡ ಬಸವನಗುಡಿ ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿಗಳೂ ಸಾಲುಮರಗಳೂ ಉಂಟಾದುವು. ಮಲ್ಲೇಶ್ವರದವರಿಗೆ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯಿತ್ತು. ನಮಗೆ ಗವಿಪುರದ ಬಳಿಯ ಕೆಂಪಾಂಬುಧಿ ಕೆರೆಯಿತ್ತು. ಆದರೆ ಕೆರೆಯ ವಿಷಯದಲ್ಲಿ ಎರಡು ಬಡಾವಣೆಗಳ ಮಕ್ಕಳಿಗೂ ಮನೆಯಲ್ಲಿ ಹೇಳಿಕೊಟ್ಟ ಪಾಠ ಒಂದೇ: “ಆ ಕಡೆ ಹೋಗಬೇಡ.”

ನಮ್ಮ ಮನೆಯಲ್ಲಿ ಈ ಪಾಠವು ಮತ್ತಷ್ಟು ಕಠಿಣವಾಗಿತ್ತು. ನಮ್ಮ ತಾಯಿಯವರ ತಮ್ಮನು ಹನ್ನೊಂದು ವರ್ಷದ ಬಾಲಕನಾಗಿದ್ದಾಗ ಕೆರೆಯ ಪಾವಟಿಗೆಯಲ್ಲಿ ಕಾಲು ಜಾರಿ ಮುಳುಗಿಹೋದನು. ತಾಯಿಯವರು ಆ ದುಃಖವನ್ನು ಎಂದೂ ಬಾಯಿಬಿಟ್ಟು ಆಡಲಿಲ್ಲ. ಅದು ಭಯದ ರೂಪದಲ್ಲಿ ಮಾತ್ರ ನಮ್ಮವರೆಗೆ ಬಂದಿತು. ಮುಂದೆ ನಮ್ಮ ತಂಗಿಯು ಹುಟ್ಟಿದಾಗ ಜೋಯಿಸರು ಜಾತಕ ಬರೆದು, ಮಗುವಿಗೆ ಜಲಗಂಡವಿದೆಯೆಂದರು. ಅಲ್ಲಿಗೆ ಮುಗಿಯಿತು. ಶಾಲೆಯ ಪ್ರವಾಸದಲ್ಲಿ ಹೊಳೆಯಿದ್ದರೆ ಅವಳು ಹೋಗುವಂತಿಲ್ಲ. ಶ್ರೀರಂಗಪಟ್ಟಣದಲ್ಲಿ ನಾವೆಲ್ಲರೂ ಕಾವೇರಿಯಲ್ಲಿ ಮಿಂದರೆ ಅವಳಿಗೆ ದಡದಲ್ಲಿ ಕುಳಿತು ತಂಬಿಗೆಯ ಸ್ನಾನ. ಐವತ್ತೆಂಟು ವರ್ಷ ವಯಸ್ಸಾಗಿ ಮೊಮ್ಮಗಳನ್ನು ಕಂಡ ಮೇಲೂ ಅವಳು ಪಾದ ತೊಯ್ಯುವುದಕ್ಕಿಂತ ಹೆಚ್ಚಿನ ನೀರಿಗೆ ಇಳಿದವಳಲ್ಲ.

ಆ ಮೊಮ್ಮಗಳಿಗೆ ಒಂಬತ್ತು ವರ್ಷವಾದಾಗ ಈಜು ಕಲಿಯಬೇಕೆಂಬ ಹಟ ಹಿಡಿಯಿತು. ಮಗನೂ ಸೊಸೆಯೂ ಒಪ್ಪಿದರು, ಅಜ್ಜಿ ಒಪ್ಪಲಿಲ್ಲ. ಎರಡು ತಿಂಗಳ ಕಾಲ ಮನೆಯಲ್ಲಿ ಈ ವಿಚಾರ ಎದ್ದಾಗಲೆಲ್ಲ ಊಟದ ರುಚಿ ಕೆಡುತ್ತಿತ್ತು. ಅಷ್ಟರಲ್ಲಿ, 2024ರ ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆಂದು ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲತೀರದಲ್ಲಿ ಅಲೆಗೆ ಸಿಕ್ಕಿ ಮೃತರಾದ ವಾರ್ತೆಯು ಪತ್ರಿಕೆಗಳಲ್ಲಿ ಬಂದಿತು. ಕೆರೆ ಕುಂಟೆಗಳ ನಾಡಿನಿಂದ ಕಡಲನ್ನು ಕಾಣುವ ಆಸೆಯಿಂದ ಬಂದ ಮಕ್ಕಳು! ತಂಗಿಯು ಪತ್ರಿಕೆಯನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಣ್ಣ, ಆ ಮಕ್ಕಳ ತಾಯಂದಿರೂ ನೀರಿನ ಹತ್ತಿರ ಹೋಗಬೇಡಿ ಎಂದೇ ಹೇಳಿ ಕಳಿಸಿರುತ್ತಾರೆ, ಅಲ್ಲವೆ?” ಎಂದಳು. ಇದು ಜಲಗಂಡದ ವಿಷಯವಾಗಿ ನಾವು ಅವಳ ಬಾಯಿಂದ ಕೇಳಿದ ಮೊದಲನೆಯ ಸಂದೇಹ.

ಮರುವಾರ ಮೊಮ್ಮಗಳು ಈಜುಕೊಳಕ್ಕೆ ಸೇರಿದಳು. ಒಂದು ತಿಂಗಳ ಮೇಲೆ, ಮಗುವಿನ “ನೀನೂ ಬಾ ಅಜ್ಜಿ” ಎಂಬ ಪೀಡೆಯನ್ನು ತಾಳಲಾರದೆ ಅಜ್ಜಿಯೂ ಸೇರಿದಳು. ಬೆಂಗಳೂರಿನಲ್ಲಿ ಜನಿಸಿದ ನಿಶಾ ಮಿಲೆಟ್ ಅವರು ಐದನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗುವ ಅಪಾಯದಿಂದ ಪಾರಾದವರು. ಮಗಳು ಆ ಭಯವನ್ನು ಗೆಲ್ಲಲೆಂದು ತಂದೆಯವರು ಅವರಿಗೆ ಈಜು ಕಲಿಸಿದರು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಅವರು ಭಾರತದ ಪರವಾಗಿ ಈಜಿದರು. ಈ ಕಥೆಯನ್ನು ತಂಗಿಗೆ ಹೇಳಿ ನಾವು ಧೈರ್ಯ ತುಂಬಿದೆವು. ಅವಳು ಒಲಿಂಪಿಕ್ಸಿಗೆ ಹೋಗುವ ಹಾಗಿರಲಿಲ್ಲ. ಮುಖವನ್ನು ನೀರಿನಲ್ಲಿಟ್ಟು ಗುಳ್ಳೆ ಬಿಡುವುದಕ್ಕೇ ಮೂರು ವಾರ ಹಿಡಿಯಿತು. ಆದರೆ ವರ್ಷ ತುಂಬುವಷ್ಟರಲ್ಲಿ ಬೆನ್ನಿನ ಮೇಲೆ ತೇಲಬಲ್ಲವಳಾದಳು, ಕೊಳದ ಅಗಲವನ್ನು ದಾಟಬಲ್ಲವಳಾದಳು. ಅನಂತರ, ಹತ್ತು ತುಂಬಿದ ಮೊಮ್ಮಗಳಿಗೆ ಮಾತು ಕೊಟ್ಟಿದ್ದಂತೆ, ನಾವೆಲ್ಲರೂ ರಾತ್ರಿಯ ರೈಲಿನಲ್ಲಿ ಹೊರಟು ಘಟ್ಟವಿಳಿದು ಅದೇ ಮುರುಡೇಶ್ವರವನ್ನು ಸೇರಿದೆವು. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ನಾರ್ಕಲ್ ಧರಿಸಿ ಕಡಲೊಳಗನ್ನು ನೋಡಿಬರುವುದು ನಮ್ಮ ಉದ್ದೇಶ.

ಸ್ನಾರ್ಕಲೆಂದರೆ ಏನೆಂದು ಕೇಳುವವರಿಗೆ ಎರಡು ಮಾತು. ಅದು ಬಾಯಲ್ಲಿ ಕಚ್ಚಿಕೊಳ್ಳುವ ಬಾಗಿದ ಕೊಳವೆ. ಅದರ ತುದಿಯು ನೀರಿನ ಮೇಲೆ ಇರುತ್ತದೆ. ಕಣ್ಣು ಮೂಗುಗಳನ್ನು ಗಾಜಿನ ಮುಖಗವಸು ಮುಚ್ಚುತ್ತದೆ. ಮನುಷ್ಯನು ಬೋರಲಾಗಿ ತೇಲುತ್ತ, ತಲೆಯೆತ್ತದೆ ಬಾಯಿಂದ ಉಸಿರಾಡುತ್ತ ಕೆಳಗಿನ ಲೋಕವನ್ನು ನೋಡಬಹುದು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಆಳಕ್ಕಿಳಿಯುವ ಸ್ಕೂಬಾ ವಿದ್ಯೆಯೇ ಬೇರೆ. ಕೊಳವೆಯನ್ನು ಇನ್ನೂ ಉದ್ದ ಮಾಡಿದರೆ ಆಳಕ್ಕೆ ಹೋಗಬಹುದಲ್ಲವೆ ಎಂದು ಮೊಮ್ಮಗಳು ಕೇಳಿದಳು. ಹಾಗಾಗದು. ಕೇವಲ ಒಂದು ಮೀಟರು ಕೆಳಗೆ ಹೋದರೂ ನೀರಿನ ಭಾರವು ಎದೆಯನ್ನು ಒತ್ತುವುದರಿಂದ ಮೇಲಿನ ಗಾಳಿಯನ್ನು ಎಳೆದುಕೊಳ್ಳುವುದು ಕಷ್ಟ. ಅಲ್ಲದೆ, ಉದ್ದವಾದ ಕೊಳವೆಯಲ್ಲಿ ನಾವು ಬಿಟ್ಟ ಉಸಿರೇ ಉಳಿದು ಮತ್ತೆ ನಮ್ಮೊಳಗೆ ಸೇರುವುದು.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ ನೇತ್ರಾಣಿಯು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ಅರಬ್ಬೀ ಸಮುದ್ರದಲ್ಲಿದೆ. ಬಂಡೆಗೋಡೆಗಳಿಂದ ಆವೃತವಾದ, ಕಾಡು ಬೆಳೆದ, ಜನವಸತಿಯಿಲ್ಲದ ಗುಡ್ಡವದು. ಪಾರಿವಾಳಗಳು ಹೆಚ್ಚಾಗಿದ್ದುದರಿಂದ ಆಂಗ್ಲರು ಇದನ್ನು ಪಾರಿವಾಳಗಳ ದ್ವೀಪವೆಂದು ಕರೆದರು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡುಕಟ್ಟುತ್ತವೆ. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಪ್ರವಾಸ ನಿಂತಿರುತ್ತದೆ; ಮಳೆ ಹಿಂದೆಗೆದ ಮೇಲೆ, ಮುಖ್ಯವಾಗಿ ಚಳಿಗಾಲದಲ್ಲಿ, ನೀರು ತಿಳಿಯಾಗಿರುತ್ತದೆ. ಮಧ್ಯಾಹ್ನಕ್ಕೆ ಗಾಳಿಯೇಳುವುದುಂಟಾದುದರಿಂದ ಬೆಳಗಿನ ಹೊತ್ತೇ ಮೇಲು.

ಮುಂಜಾನೆ ಎರಡೆರಡು ಇಡ್ಲಿಗಳನ್ನು ಮಾತ್ರ ತಿಂದೆವು. ಬೋಟು ಹತ್ತುವುದಕ್ಕೆ ಮುಂಚೆ ಒಂದು ಕಾಗದವನ್ನು ಕೊಟ್ಟು ರಕ್ತದೊತ್ತಡ, ಹೃದ್ರೋಗ, ಉಬ್ಬಸಗಳ ವಿಚಾರ ಕೇಳಿದರು. ಇಂಥ ಕಾಗದದಲ್ಲಿ ಸುಳ್ಳು ಬರೆಯುವುದು ತನಗೆ ತಾನೇ ಮಾಡಿಕೊಳ್ಳುವ ದ್ರೋಹ. ನಾವು ಬೆಂಗಳೂರಿನಲ್ಲಿಯೇ ವೈದ್ಯರ ಅನುಮತಿಯನ್ನು ಪಡೆದಿದ್ದೆವು. ಏಳೂವರೆಗೆ ಬೋಟು ಹೊರಟಿತು. ಕಂದುಕಗಿರಿಯ ಮೇಲಿನ 123 ಅಡಿ ಎತ್ತರದ ಶಿವನ ವಿಗ್ರಹವೂ ಇಪ್ಪತ್ತು ಅಂತಸ್ತುಗಳ ಗೋಪುರವೂ ಮೊದಲು ನಮ್ಮ ಮೇಲೆ ಬಾಗಿದಂತಿದ್ದುವು, ಅರ್ಧ ಗಂಟೆಯಲ್ಲಿ ಹೆಬ್ಬೆರಳಿನಷ್ಟಾದುವು, ಆಮೇಲೆ ಕಾಣಲಿಲ್ಲ. ಹೊಟ್ಟೆ ತೊಳಸಿದರೆ ಬೋಟಿನೊಳಗೆ ನೋಡಬಾರದು, ದೂರದ ದಿಗಂತವನ್ನು ನೋಡಬೇಕೆಂದು ಮಾರ್ಗದರ್ಶಿಯು ಹೇಳಿದನು. ತಂಗಿಯು ಸೆರಗಿನಲ್ಲಿ ಕಟ್ಟಿ ತಂದಿದ್ದ ಶುಂಠಿಯ ಚೂರುಗಳು ಬೋಟಿನಲ್ಲಿದ್ದವರಿಗೆಲ್ಲ ಹಂಚಿಹೋದುವು.

ಆ ಮಾರ್ಗದರ್ಶಿಯು ಕರಾವಳಿಯ ಮೀನುಗಾರರ ಮನೆಯ ತರುಣ. ಮೂರು ನಿಯಮಗಳನ್ನು ಎಲ್ಲರಿಂದಲೂ ಹೇಳಿಸಿದನು: ಲೈಫ್ ಜಾಕೆಟನ್ನು ಬಿಚ್ಚಬಾರದು, ಜೊತೆಗಾರನನ್ನು ಬಿಟ್ಟು ದೂರ ಹೋಗಬಾರದು, ಹವಳವನ್ನು ಮುಟ್ಟಬಾರದು, ಅದರ ಮೇಲೆ ನಿಲ್ಲಲೂಬಾರದು. ಬಳಿಕ ಗಾಜಿಗೆ ಮಂಜು ಹಿಡಿಯದಂತೆ ಮುಖಗವಸಿನೊಳಗೆ ಉಗುಳಿ ತಿಕ್ಕಿ ತೊಳೆಯಿರೆಂದನು. ಎಂಜಲಿನ ವಿಷಯದಲ್ಲಿ ಜೀವಮಾನವೆಲ್ಲ ನಿಷ್ಠೆಯಿಂದಿದ್ದ ನಮ್ಮ ತಂಗಿಯ ಮುಖವನ್ನು ಆಗ ನೋಡಬೇಕಾಗಿತ್ತು! ಆದರೆ ಅದರಲ್ಲಿ ಯುಕ್ತಿಯಿದೆ. ಉಗುಳಿನ ಲೇಪವಿದ್ದ ಗಾಜಿನ ಮೇಲೆ ಉಸಿರಿನ ಹಬೆಯು ಹನಿಹನಿಯಾಗಿ ಕೂಡದೆ ತೆಳುವಾಗಿ ಹರಡುವುದರಿಂದ ನೋಟಕ್ಕೆ ಅಡ್ಡಿಯಾಗದು. “ಕಡಲಿಗೆ ಮಡಿಯಿಲ್ಲ ಅಜ್ಜಿ” ಎಂದು ಮೊಮ್ಮಗಳು ತೀರ್ಪು ಕೊಟ್ಟಳು.

ಒಂದೂವರೆ ಗಂಟೆಯ ಪ್ರಯಾಣದ ಮೇಲೆ ಬೋಟು ಬಂಡೆಗಳ ಮರೆಯಲ್ಲಿ ನಿಂತಿತು. ಮೊದಲು ಮಗು ಇಳಿಯಿತು. ಅದರ ತಂದೆ ತಾಯಿಗಳು ಜೊತೆಗೆ ಇಳಿದರು. ಬಳಿಕ ತಂಗಿಯು ಏಣಿಯ ಕೊನೆಯ ಮೆಟ್ಟಿಲಿನಿಂದ ನೀರಿಗೆ ಜಾರಿ ಮುಖವನ್ನು ಅದ್ದಿದಳು. ನಾಲ್ಕು ಉಸಿರು ಸರಿಯಾಗಿ ಬಂದಿತು. ಐದನೆಯದಕ್ಕೆ ಒಂದು ಅಲೆ ಬಂದು ಕೊಳವೆಯ ತುದಿಯನ್ನು ಮುಚ್ಚಿತು. ಉಪ್ಪುನೀರು ಬಾಯಿಗೆ ನುಗ್ಗಿ, ಅವಳು ಕೊಳವೆಯನ್ನು ಕಿತ್ತು ಕೈಕಾಲು ಬಡಿಯತೊಡಗಿದಳು. ಈಜುಕೊಳದಲ್ಲಿ ವರ್ಷವಿಡೀ ಕಲಿತದ್ದು ಆ ಕ್ಷಣದಲ್ಲಿ ಎಲ್ಲಿ ಹೋಯಿತೋ ತಿಳಿಯದು. ನಾವಾದರೋ ಏಣಿಯನ್ನು ಎರಡು ಕೈಗಳಿಂದಲೂ ಹಿಡಿದು ನಿಂತಿದ್ದೆವು. ಕೆರೆಯಲ್ಲಿ ಹೋದ ಸೋದರಮಾವನ ನೆನಪು, ನಾವು ಕಾಣದ ಆ ಬಾಲಕನ ನೆನಪು, ನಮ್ಮ ಕಾಲುಗಳನ್ನು ಕಟ್ಟಿಹಾಕಿತ್ತೆಂದು ಒಪ್ಪಿಕೊಳ್ಳುವುದಕ್ಕೆ ನಮಗೆ ನಾಚಿಕೆಯಿಲ್ಲ.

ಮಾರ್ಗದರ್ಶಿಯು ಅವಳನ್ನು ಬೋಟಿಗೆ ಎಳೆಯಲಿಲ್ಲ. ತೇಲುವ ಬಳೆಯೊಂದನ್ನು ಅವಳ ಕೈಗೆ ಕೊಟ್ಟು, ಭುಜವನ್ನು ಹಿಡಿದು, “ಅಮ್ಮಾ, ಜಾಕೆಟು ನಿಮ್ಮನ್ನು ಹಿಡಿದುಕೊಂಡಿದೆ. ನೀವು ಮುಳುಗುವುದಿಲ್ಲ. ಹತ್ತು ಉಸಿರು ಎಣಿಸಿ. ಆಮೇಲೂ ಬೇಡವೆಂದರೆ ಮೇಲೆ ಹೋಗೋಣ” ಎಂದನು. ಮೊಮ್ಮಗಳು ಸ್ವಲ್ಪ ದೂರದಲ್ಲಿ ತೇಲುತ್ತ ಅಜ್ಜಿಯನ್ನೇ ನೋಡುತ್ತಿದ್ದಳು. ಒಂದು ಮಾತನ್ನೂ ಆಡಲಿಲ್ಲ. ತಂಗಿಯು ಗಟ್ಟಿಯಾಗಿ ಎಣಿಸಿದಳು. ಹತ್ತಾಯಿತು. ಮತ್ತೆ ಹತ್ತು ಎಣಿಸಿದಳು. ಬಳಿಕ ಕೊಳವೆಯನ್ನು ತಾನಾಗಿಯೇ ಬಾಯಿಗಿಟ್ಟು, ಹೇಳಿಕೊಟ್ಟಿದ್ದಂತೆ ಒಮ್ಮೆ ಬಲವಾಗಿ ಊದಿ ಒಳಗಿನ ನೀರನ್ನು ಹೊರಕ್ಕೆ ಚಿಮ್ಮಿಸಿ, ಮುಖವನ್ನು ಕೆಳಗಿಟ್ಟಳು. ಆಗ ಮೊಮ್ಮಗಳು ಬಂದು ಅವಳ ಇನ್ನೊಂದು ಕೈಯನ್ನು ಹಿಡಿದಳು. ಅದನ್ನು ಕಂಡ ಮೇಲೆ ನಾವೂ ಏಣಿಯನ್ನು ಬಿಟ್ಟೆವು.

ಕೆಳಗೆ ಕಂಡುದನ್ನು ಬಣ್ಣಿಸುವುದು ಕಠಿಣ. ಹಳದಿ ಮೈಯ ಮೇಲೆ ಕಪ್ಪು ಪಟ್ಟೆಯ ಮೀನುಗಳ ಹಿಂಡು ನಮ್ಮನ್ನು ಲೆಕ್ಕಿಸದೆ ತಿರುಗುತ್ತಿತ್ತು. ತಟ್ಟೆಯಂತೆ ಚಪ್ಪಟೆಯಾದ ಚಿಟ್ಟೆಮೀನುಗಳು ಜೋಡಿಜೋಡಿಯಾಗಿದ್ದುವು. ಗಿಣಿಯ ಕೊಕ್ಕಿನಂಥ ಬಾಯುಳ್ಳ ಗಿಣಿಮೀನು ಬಂಡೆಯನ್ನು ಕಟಕಟನೆ ಕಡಿಯುವ ಸದ್ದು ನೀರಿನಲ್ಲಿ ನಮಗೆ ಕೇಳಿಸಿತು. ಅದು ಕಡಿದ ಹವಳದ ಸುಣ್ಣವು ಹೊಟ್ಟೆಯಲ್ಲಿ ಅರೆದು ಮರಳಾಗಿ ಹೊರಬೀಳುತ್ತದೆ. ಮೀನುಗಳೆಲ್ಲ ಇದ್ದುದಕ್ಕಿಂತ ದೊಡ್ಡವಾಗಿಯೂ ಹತ್ತಿರವಾಗಿಯೂ ತೋರುತ್ತಿದ್ದುವು. ನೀರಿನಿಂದ ಮುಖಗವಸಿನ ಗಾಳಿಗೆ ಬರುವಾಗ ಬೆಳಕು ಬಾಗುವುದೇ ಇದಕ್ಕೆ ಕಾರಣ. ವಸ್ತುಗಳು ಸುಮಾರು ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುತ್ತವೆ.

ಹವಳವೆಂದೊಡನೆ ಗೃಹಿಣಿಯರಿಗೆ ಕೊರಳಿನ ಕೆಂಪು ಸರ ನೆನಪಾಗುವುದು. ಆ ಕೆಂಪು ಹವಳವು ಬಹುಕಾಲದಿಂದ ಮೆಡಿಟರೇನಿಯನ್ ಸಮುದ್ರದಿಂದ ಬಂದುದು. ಇಲ್ಲಿ ನಾವು ಕಂಡವು ಕಂದು, ಹಸುರು, ಬೂದು ಬಣ್ಣದ ಗುಡ್ಡೆಗಳು. ಇವು ಕಲ್ಲಲ್ಲ, ಗಿಡವಲ್ಲ. ಅತಿ ಚಿಕ್ಕ ಪ್ರಾಣಿಗಳ ಒಟ್ಟುಕುಟುಂಬ. ಅವುಗಳ ಮೈಯೊಳಗೆ ಸೂಕ್ಷ್ಮವಾದ ಪಾಚಿಯು ವಾಸಿಸುತ್ತ, ಬಿಸಿಲಿನಿಂದ ಆಹಾರವನ್ನು ತಯಾರಿಸಿ ಮನೆಯೊಡೆಯನಿಗೆ ಬಾಡಿಗೆಯಂತೆ ಕೊಡುತ್ತದೆ. ಬೇಸಿಗೆಯ ವಾಡಿಕೆಯ ಕಾವಿಗಿಂತ ನೀರು ಕೇವಲ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಈ ಸಂಬಂಧ ಮುರಿಯುವುದು. ಪಾಚಿ ಹೊರಬಿದ್ದು ಹವಳವು ಬಿಳಿಚಿಕೊಳ್ಳುವುದು. ಕಾವು ಇಳಿಯದಿದ್ದರೆ ಉಪವಾಸದಿಂದ ಸಾಯುವುದು. ಲೋಕದ ಸಮುದ್ರಗಳಲ್ಲೆಲ್ಲ ಇಂಥ ಬಿಳಿಚುವಿಕೆಯು ನಾಲ್ಕನೆಯ ಸಾರಿ ವ್ಯಾಪಿಸಿದೆಯೆಂದು ವಿಜ್ಞಾನಿಗಳು 2024ರ ಏಪ್ರಿಲಿನಲ್ಲಿ ಸಾರಿದರು. ನಮ್ಮ ದೇಶದಲ್ಲಿ ಹವಳದ ದಿಬ್ಬಗಳನ್ನು ಕಟ್ಟುವ ಜೀವಿಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಆದರೆ ಒದ್ದ ಕಾಲನ್ನು ಕಾಯಿದೆಯು ತಡೆಯಲಾರದು. ಮೊದಲೇ ಕಲಿಸಿದ ಮಾತು ತಡೆಯುವುದು.

ಮುಕ್ಕಾಲು ಗಂಟೆಯ ಮೇಲೆ ಬೋಟಿಗೆ ಹಿಂದಿರುಗಿದೆವು. ತಂಗಿಯ ಮುಖದ ಮೇಲೆ ಗವಸಿನ ಗುರುತು ಬಳೆಯಂತೆ ಮೂಡಿತ್ತು. ಏನು ಕಂಡೆ ಎಂದು ಕೇಳಿದರೆ, “ಅಮ್ಮ ಇರಬೇಕಾಗಿತ್ತು” ಎಂದಷ್ಟೇ ಹೇಳಿದಳು.

ಮನೆಗೆ ಬಂದ ಮೇಲೆ ಹಳೆಯ ಪೆಟ್ಟಿಗೆಯನ್ನು ತೆಗೆದು ಅವಳ ಜಾತಕವನ್ನು ಹುಡುಕಿದೆವು. ಜೋಯಿಸರ ಅಕ್ಷರ ಸ್ಪಷ್ಟವಾಗಿತ್ತು: ಹನ್ನೆರಡು ವರ್ಷದವರೆಗೆ ಜಲಗಂಡ. ಗಂಡವು ಕಳೆದು ನಲವತ್ತೇಳು ವರ್ಷಗಳಾಗಿದ್ದುವು. ನಮ್ಮಲ್ಲಿ ಒಬ್ಬರಾದರೂ ಅದನ್ನು ತೆಗೆದು ಓದಿರಲಿಲ್ಲ. ಭಯಕ್ಕೆ ಅವಧಿಯುಂಟೆಂದು ಯಾರಿಗೂ ತೋರಿರಲಿಲ್ಲ.

2021ನೆಯ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 3,00,000 ಜನರು ನೀರಿನಲ್ಲಿ ಮುಳುಗಿ ಸತ್ತರೆಂದೂ, ಅವರಲ್ಲಿ ಹೆಚ್ಚುಕಡಮೆ ಕಾಲುಪಾಲು ಐದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಹೇಳುತ್ತದೆ. ಆದುದರಿಂದ ನೀರಿಗೆ ಹೆದರಬೇಡಿರೆಂದು ನಾವು ಹೇಳುವುದಿಲ್ಲ. ಈಜು ಬಂದವನಿಗೂ ಕಡಲು ಕಡಲೇ. ಜಾಕೆಟು, ಜೊತೆಗಾರ, ತಿಳಿದವನ ಮಾತು, ಇವು ಮೂರೂ ಬೇಕು. ಆದರೆ ಹೋಗಬೇಡವೆಂಬ ಮಾತು ತಾಯಿಯ ಕಣ್ಣೆದುರಿಗಿರುವ ತನಕ ಮಾತ್ರ ಮಗುವನ್ನು ಕಾಯುತ್ತದೆ. ಕಲಿತ ವಿದ್ಯೆಯು ಅವಳಿಲ್ಲದ ಕಡೆಯಲ್ಲಿಯೂ ಜೊತೆಗಿರುತ್ತದೆ. ಮನೆಯಲ್ಲಿ ಮಕ್ಕಳಿರುವವರು ಅವರನ್ನು ಬೇಸಿಗೆಯ ರಜೆಯಲ್ಲಿ ಈಜು ಕಲಿಸುವವರ ಬಳಿಗೆ ಕಳುಹಿಸಲಿ. ಮನೆಯಲ್ಲಿ ಅಜ್ಜಿಯಿದ್ದರೆ, ಅವರನ್ನೂ ಒಮ್ಮೆ ಕರೆದು ನೋಡಲಿ.