ದಿನ ತುಂಬದೆ ಜನಿಸಿದ ಅವಳಿಗಳ ಬೆಳವಣಿಗೆ

ಅನೇಕ ದೇಶಗಳಲ್ಲಿ ಅವಳಿ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಗರ್ಭದಲ್ಲಿ 37 ವಾರಗಳು ತುಂಬುವುದಕ್ಕೆ ಮುನ್ನವೇ ಜನಿಸುತ್ತಾರೆ. ಇವರು ನೆರೆಮನೆಯ ಓರಗೆಯ ಶಿಶುವಿಗಿಂತ ಸಣ್ಣವರಾಗಿ ಕಾಣುವುದು ಸಹಜವೇ. ಆದರೆ ಆ ಸಣ್ಣತನದಲ್ಲಿ ಅಕಾಲ ಜನನದ ಪಾಲೆಷ್ಟು, ಅವಳಿತನದ ಪಾಲೆಷ್ಟು, ನಿಜವಾದ ಕುಂಠಿತದ ಪಾಲೆಷ್ಟು ಎಂಬುದನ್ನು ವಿಂಗಡಿಸದೆ ತೀರ್ಪು ಹೇಳುವುದು ಸಲ್ಲದು. ಅಂತಹ ತೀರ್ಪಿನ ಭಾರವು ಬಹುಮಟ್ಟಿಗೆ ಬಾಣಂತಿಯ ಮೇಲೆ, ಆಕೆಯ ಎದೆಹಾಲಿನ ಮೇಲೆ ಬೀಳುತ್ತದೆಂಬುದನ್ನು ಬಲ್ಲೆವು.

ಮೊದಲನೆಯದು ಕೇವಲ ಲೆಕ್ಕದ ಮಾತು. 32 ವಾರಗಳಿಗೆ ಹುಟ್ಟಿದ ಅವಳಿಗಳಿಗೆ ಈಗ ಆರು ತಿಂಗಳು, ಎಂದರೆ 26 ವಾರ, ಎಂದು ಭಾವಿಸೋಣ. ಪೂರ್ಣಾವಧಿಯಾದ 40 ವಾರಗಳಿಗೆ ಕಡಮೆಯಾದ 8ನ್ನು ಕಳೆದರೆ ಉಳಿಯುವುದು 18 ವಾರ. ನಾಲ್ಕು ತಿಂಗಳಿಗೆ ತುಸು ಮೇಲೆ. ಇದೇ ಪರಿಷ್ಕೃತ ವಯಸ್ಸು. ಆರು ತಿಂಗಳ ಕೋಷ್ಟಕದಲ್ಲಿ ತೀರ ಕೆಳಗೆ ಬಿದ್ದ ಶಿಶುವು ನಾಲ್ಕು ತಿಂಗಳ ಕೋಷ್ಟಕದಲ್ಲಿ ನೆಮ್ಮದಿಯ ಸ್ಥಾನವನ್ನು ಪಡೆಯಬಹುದು. ಸಾಮಾನ್ಯವಾಗಿ ಎರಡು ವರ್ಷಗಳವರೆಗೆ ಈ ತಿದ್ದುಪಡಿಯನ್ನು ಅನುಸರಿಸುತ್ತಾರೆ. ಲಸಿಕೆಗಳ ಕಾಲವನ್ನು ಮಾತ್ರ ಹುಟ್ಟಿದ ದಿನದಿಂದಲೇ ಎಣಿಸತಕ್ಕದ್ದು.

ಅವಳಿತನದ ಪಾಲು ಇದಕ್ಕಿಂತ ತೊಡಕಿನದು. ಸುಮಾರು 30 ವಾರಗಳವರೆಗೆ ಅವಳಿ ಭ್ರೂಣಗಳು ಒಂಟಿ ಭ್ರೂಣಕ್ಕೆ ಹೆಚ್ಚು ಹಿಂದೆ ಬೀಳುವುದಿಲ್ಲ. ಆಮೇಲೆ ಅವುಗಳ ತೂಕದ ಏರಿಕೆ ನಿಧಾನವಾಗುತ್ತದೆ. ಕೊಬ್ಬು, ಕಬ್ಬಿಣ, ಸುಣ್ಣಗಳು ಹೆಚ್ಚಾಗಿ ಕೂಡುವುದೂ ಆ ಕೊನೆಯ ತಿಂಗಳುಗಳಲ್ಲಿಯೇ. ಮಾಸು ಒಂದೇ ಆದಾಗ ಅದರ ಹಂಚಿಕೆ ಸಮನಾಗಿರದೆ, ಒಂದು ಕೂಸು ಇನ್ನೊಂದಕ್ಕಿಂತ ಬಹಳ ಸಣ್ಣದಾಗುವುದೂ ಉಂಟು.

ಅಮೆರಿಕದ ಲೂಯಿವಿಲ್ ನಗರದಲ್ಲಿ ನಡೆದ ಅವಳಿಗಳ ದೀರ್ಘಾಧ್ಯಯನದಿಂದ ರೊನಾಲ್ಡ್ ವಿಲ್ಸನ್ ಅವರು 1979ರಲ್ಲಿ ಪ್ರಕಟಿಸಿದ ಪ್ರಬಂಧ ಇಲ್ಲಿ ಗಮನಾರ್ಹ. ಒಂದೇ ಅಂಡದಿಂದಾದ ಅವಳಿಗಳು ಜನನಕಾಲದಲ್ಲಿ ತೂಕದಲ್ಲಿ ಭಿನ್ನವಾಗಿದ್ದರೂ ವರ್ಷಗಳು ಕಳೆದಂತೆ ಒಬ್ಬರನ್ನೊಬ್ಬರು ಹೋಲತೊಡಗಿದರು. ಬೇರೆ ಬೇರೆ ಅಂಡಗಳಿಂದಾದವರು ಕ್ರಮೇಣ ದೂರ ಸರಿದರು. ಗರ್ಭಾಶಯದ ಇಕ್ಕಟ್ಟು ಒತ್ತಿದ್ದನ್ನು ಅನುವಂಶೀಯತೆ ಮೆಲ್ಲನೆ ಸರಿಪಡಿಸುವಂತೆ ನಮಗೆ ತೋರುತ್ತದೆ. ಆರಂಭದ ಕೊರತೆಯೂ ಶಾಲೆಯ ವಯಸ್ಸಿನ ಹೊತ್ತಿಗೆ ಬಹುಪಾಲು ತುಂಬಿತು. ಆದರೂ ಅತಿ ಬೇಗ ಹುಟ್ಟಿದವರೆಲ್ಲರೂ ಹೀಗೆ ಚೇತರಿಸಿಕೊಳ್ಳುವರೆಂದು ಭರವಸೆ ಕೊಡಲಾಗದು.

ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಹೊರತಂದ ಬೆಳವಣಿಗೆಯ ಮಾನಕಗಳಿಗೆ ಅಳತೆ ಕೊಟ್ಟ ಮಕ್ಕಳಲ್ಲಿ ದೆಹಲಿಯವರೂ ಇದ್ದರು. ಆದರೆ ಎಲ್ಲರೂ ಪೂರ್ಣಾವಧಿಯ ಒಂಟಿ ಶಿಶುಗಳು. ಆದುದರಿಂದ ಒಂದು ದಿನದ ಒಂದು ತೂಕಕ್ಕಿಂತ, ಹಲವು ತಿಂಗಳ ಅಳತೆಗಳು ಎಳೆಯುವ ರೇಖೆಯನ್ನು ನೋಡುವುದು ಮೇಲು. ಪ್ರತಿ ಮಗುವಿಗೂ ಅದರದೇ ರೇಖೆ ಇರಲಿ. ಸಣ್ಣ ಕೂಸನ್ನು ಅದರ ಜೊತೆಗಾರನ ಪಕ್ಕದಲ್ಲಿ ಮಲಗಿಸಿ ಅಳೆಯುವುದು ಬೇಡ. ಪರಿಷ್ಕೃತ ವಯಸ್ಸನ್ನು ಹಿಡಿದ ಮೇಲೂ ರೇಖೆ ಕೆಳಗಿಳಿಯುತ್ತ ಹೋದರೆ, ಇಲ್ಲವೆ ತಲೆಯ ಸುತ್ತಳತೆ ಬೆಳೆಯದೆ ನಿಂತರೆ, ಆಗ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.